ವ್ಯಾನ್ ಹತ್ತದ ಮೂರು ದಿನ

ಶನಿವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ ನಾದಿನಿಯ ನಮಸ್ಕಾರಗಳು.

ನೀವು ತವರಿಗೆ ಹೋದಾಗಿನಿಂದ, ಫೋನ್ ಮಾಡಿದರೆ "ಚೆನ್ನಾಗಿದ್ದೀನಿ ಬಿಡೇ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಮಂಡಿಯ ಬಾವು ಇಳಿಯಿತೇ? ಇನ್ನು ಹೊಲಿಗೆ ಮೆಷಿನ್ ತುಳಿಯಲೇಬಾರದು ಅಂದರಂತೆ ಡಾಕ್ಟರು, ಅಣ್ಣ ಹೇಳಿದ.

ಎಲ್ಲ ನನ್ನಿಂದಲೇ. ಫ್ಯಾಕ್ಟರಿ ವ್ಯಾನಿನಲ್ಲಿ ಸೂಪರ್‌ವೈಸರುಗಳ ಊಟದ ಡಬ್ಬಿಗೂ ಸೀಟು, ಹೊಲಿಯುವ ನಾವು ಮಾತ್ರ ಕಂಬಿ ಹಿಡಿದು ನೇತಾಡಬೇಕು ಅಂತ ಎಲ್ಲರಿಗೂ ಸಿಟ್ಟಿತ್ತು, ನಿಜ. ಆದರೆ ಬಿಳಿಯರಿಗೆ ಸೀಟು ಬಿಟ್ಟುಕೊಡಲೊಪ್ಪದೆ ಅಮೆರಿಕದ ಕಪ್ಪು ಜನ ಒಂದು ವರ್ಷಕ್ಕೂ ಮೀರಿ ಬಸ್ಸು ಹತ್ತದೆ ಗೆದ್ದ ಚರಿತ್ರೆಯನ್ನು ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿ, ನಾವೂ ನಡೆಯೋಣ ಅಂದವಳು ನಾನು. ಅವರು ನಡೆದದ್ದನ್ನು ಓದುವಾಗ ನನಗೇ ಮೈ ಜುಮ್ಮೆಂದಿತ್ತು. ನಡೆಯಲಾಗದವರಿಗಾಗಿ ಅವರು ಸಭೆ ಸೇರಿ, ಯಾರ ಕಾರು ಯಾವ ಮೂಲೆಯಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡಿದ ಪುಟಗಳನ್ನು ಹಾರಿಸಿಬಿಟ್ಟೆ. ಚಪ್ಪಾಳೆ ಬೀಳುವ ಭಾಗವಲ್ಲವಲ್ಲ ಅದು! ಕಟಿಂಗ್ ಸೆಕ್ಷನ್ನಿನ ದೊಡ್ಡಮ್ಮ, "ಮೊದ್ಲು ಯಾರ್ಯಾರ ಹತ್ರ ಗಾಡಿ ಇದೆ ನೋಡ್ರೇ" ಅಂದರೆ, "ಹೋರಾಟ ಅಂದ್ರೆ ಟೂರ್ ಹೋಗೋದಾ?" ಅಂತ ಅವರ ಬಾಯಿ ಮುಚ್ಚಿಸಿದೆ.

ಮೂರನೇ ದಿನ ಬೆಳಿಗ್ಗೆ ನೀವು ಮಂಡಿ ಹಿಡಿದುಕೊಂಡು, ಇವತ್ತೊಂದಿನ ವ್ಯಾನ್ ಹತ್ತಲೇನೇ ಅಂತ ಕೇಳಿದಿರಿ. ನಮ್ಮ ಮನೆಯವರೇ ಹತ್ತಿದರೆ ನಾಲ್ಕು ಜನರ ಮುಂದೆ ನಾನು ಹೇಗೆ ತಲೆಯೆತ್ತಲಿ ಅಂದೆ. ನೀವು ಚಪ್ಪಲಿ ಮೆಟ್ಟಿದಿರಿ. ಸಂಜೆ ಜೊತೆಯವರು ನಿಮ್ಮನ್ನು ಎತ್ತಿಕೊಂಡು ಬಂದರು. ಮರುದಿನ ಎಲ್ಲರೂ ತೆಪ್ಪಗೆ ವ್ಯಾನ್ ಹತ್ತಿದರು.

ಈಗ ದೊಡ್ಡಮ್ಮ ಮನೆಮನೆಗೆ ಹೋಗಿ, ಯಾರಿಗೆ ಎಷ್ಟು ದೂರ ನಡೆಯಲಾಗುತ್ತದೆ, ಯಾರ ಗಾಡಿ ಸಿಗುತ್ತದೆ ಅಂತ ಕೇಳಿಕೊಂಡು ಬರುತ್ತಿದ್ದಾರೆ. ನಾನು ಅವರು ಹೇಳಿದ್ದನ್ನು ಬರೆದುಕೊಳ್ಳುತ್ತ ಹಿಂದೆ ಓಡಾಡುತ್ತೇನೆ. ಎಲ್ಲರೂ ಮೊದಲು ನಿಮ್ಮನ್ನೇ ವಿಚಾರಿಸುತ್ತಾರೆ. ನಿಮ್ಮನ್ನು ಒಂದು ಮಾತು ಕೇಳದೆ ನಿಮ್ಮ ಕಾಲುಗಳನ್ನು ಹೋರಾಟಕ್ಕೆ ಬರೆದುಕೊಟ್ಟುಬಿಟ್ಟೆ. ಕ್ಷಮಿಸಿ ಅನ್ನಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಇತಿ,
ನಿಮ್ಮ ಬಾಯಿಬಡುಕಿ ನಾದಿನಿ

ತಾ.ಕ.: ಫ್ಯಾಕ್ಟರಿ ಗೇಟಿಗೆ ಬ್ಯಾನರ್ ಕಟ್ಟಬೇಕು ಅಂತ ಮೂರು ದಿನವೂ ನಿಮಗಿಂತ ಮುಂಚೆ ಹೊರಡುತ್ತಿದ್ದೆನಲ್ಲ, ನಾನು ನಡೆದದ್ದು ಗೇಟಿನ ಹತ್ತಿರದ ತಿರುವಿನಿಂದ ಮಾತ್ರ. ಅಲ್ಲಿಯವರೆಗೂ ಗೆಳತಿಯ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ. ನೀವು ಕೇಳಿದ ದಿನ, ಆ ಜಾಗ ನಿಮಗೆ ಬಿಟ್ಟುಕೊಡಬಹುದಲ್ಲ ಅಂತ ಹೊಳೆದಿತ್ತು ಅತ್ತಿಗೆ. ಹೊಳೆದರೂ ನಾನೇ ಹತ್ತಿ ಕೂತೆ.