ಹಳಿಗೆ ಹೊಸ್ತಿಲಿಲ್ಲ

ಜೂನ್ 27
ಇವತ್ತೂ ಹಳೇ ರೈಲು ಹಳಿ. ರೈಲು ನಿಂತು ಎಷ್ಟು ವರ್ಷವಾಯಿತೋ, ನಡುವೆ ಹುಲ್ಲು. ಎರಡೂ ಕಡೆ ಎಲೆ ಉದುರಿದ ಬೋಳು ಮರಗಳು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಎಂದರೆ ಚಳಿಗಾಲ, ಐದಕ್ಕೇ ಕತ್ತಲು. ಅಭಿನಂದನ್ ಕೆಲಸ ಮುಗಿಸಿ ಬಂದ, ನಡೆದೆವು. ಗಂಡ ಹೆಂಡತಿ ಹೀಗೆ ಕದ್ದು ಭೇಟಿಯಾಗಬೇಕು, ಏನು ಕರ್ಮವೋ! ಮೊದಲ ಆಷಾಢ. ಅತ್ತೆ, ಸೊಸೆ ಒಂದೇ ಹೊಸ್ತಿಲು ದಾಟಬಾರದಂತೆ. ತವರು ಮೈಸೂರು — ಲೀವ್ ಇಲ್ಲ. ಅತ್ತೆ ವಿಸಿಟರ್ ವೀಸಾದಲ್ಲಿ ಈಗಷ್ಟೇ ಬಂದವರು. ಹಾಗಾಗಿ ನಾನೇ ಪಕ್ಕದ ಬೀದಿಯ ಶೈಲಶ್ರೀ ಆಂಟಿ ಮನೆಗೆ.
"ಅಮ್ಮಂಗೆ ಇದೆಲ್ಲ ತುಂಬಾ ಮುಖ್ಯ ಸಿಂಚು. ಒಂದು ತಿಂಗಳು ಅಡ್ಜಸ್ಟ್ ಮಾಡ್ಕೋ" ಎಂದ. ಮಾಡಿಕೊಳ್ಳೋಣ.

ಜುಲೈ 3
ಬರಲಿಲ್ಲ. ಮೀಟಿಂಗಂತೆ. ಹಳಿಯುದ್ದಕ್ಕೂ ಹೋದೆ, ಬಂದೆ, ಮತ್ತೆ ಹೋದೆ.

ಜುಲೈ 12
ಈ ವಾರ ಒಂದು ದಿನವೂ ಬಂದಿಲ್ಲ. ಆಂಟಿ ಧಾರವಾಡದವರು, ಸುಮ್ಮನಿರುತ್ತಾರೆಯೇ?
"ಏನವಾ, ಆ ಹಾಳು ಹಳಿ ಮ್ಯಾಲ ದಿನಾ ಯಾರ ದಾರಿ ಕಾಯ್ತಿ? ಬಾ, ಚಾ ಆರಾಕತ್ತೈತಿ."
ಸಿಟ್ಟೆಲ್ಲ ಅತ್ತೆ ಮೇಲೆ. ಇಷ್ಟು ಹತ್ತಿರವಿದ್ದು ಒಂದು ಫೋನ್ ಕೂಡ ಇಲ್ಲ. ಆದರೆ ಅಭಿ... ಅತ್ತೆ ಬರುವ ಮೊದಲೂ ಹೀಗೇ ಇದ್ದ. ಆಫೀಸಿಂದ ಬಂದು ಡ್ರೈವ್‌ವೇಯಲ್ಲಿ ಕಾರೊಳಗೇ ಕೂತಿರುತ್ತಿದ್ದ. ಮನೆಯೊಳಗೆ ನಾನಿದ್ದೆ.

ಜುಲೈ 19, ಸಂಜೆ 6
ಸೂರ್ಯ ಮುಳುಗುತ್ತಿತ್ತು. ಬೋಳು ಕೊಂಬೆಗಳ ಹಿಂದೆಲ್ಲ ಕೆಂಪು. ಎದುರಿಂದ ಯಾರೋ ಬಂದರು, ಅಭಿಯ ಜಾಕೆಟ್. ಓಡಿದೆ. ಅತ್ತೆ! ಗಾಬರಿಯಾಗಿ ಹಿಂದೆ ಸರಿದೆ.
"ಇಲ್ಲಿ ಯಾವ ಹೊಸ್ತಿಲೂ ಇಲ್ವಲ್ಲಮ್ಮ, ನಿಂತ್ಕೋ. ನಾನು ಆಷಾಢ ಗೀಷಾಢ ನೋಡೋಳಲ್ಲ. ನಿಂಗೇ ಬೇಕಂತೆ? ಫೋನೂ ಮಾಡ್ಬಾರದು ಅಂದ್ಯಂತೆ? ಅಭಿ ಹೇಳಿದ."
"ನಾನಾ? ನೀವು ಹೇಳಿದ್ರಿ ಅಂತ ಅಲ್ವಾ ಅತ್ತೆ ಅವನು ನನ್ನ..."
ಅತ್ತೆ ಅಲ್ಲೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು.
"ಯಾಕೋ ಇಬ್ಬರಿಗೂ ಸುಳ್ಳು ಹೇಳ್ದೆ?"
ಕಾರಿನ ಬಾಗಿಲು ಮುಚ್ಚಿದ ಸದ್ದು. ಆಮೇಲೆ — "ಅವಳಿಲ್ದೆ ಹೇಗಿರುತ್ತೆ ನೋಡ್ಬೇಕಿತ್ತಮ್ಮ."
"ಹೇಗಿದೆ?" ಕೇಳಿದವಳು ನಾನು.
ಕಟ್ ಮಾಡಿದ.

ಜುಲೈ 24, ಬೆಳಿಗ್ಗೆ
ಅವತ್ತೇ ಅತ್ತೆ ಕೈ ಹಿಡಿದು ಮನೆಗೆ ಕರೆತಂದರು. ಅಭಿ ಜೊತೆಗೆ ಊಟಕ್ಕೆ ಕೂರುತ್ತಾನೆ, ಉಪ್ಪು ಕೊಡು ಎನ್ನುತ್ತಾನೆ. 'ಹೇಗಿದೆ?' ಎಂದು ಮತ್ತೆ ಕೇಳಿದರೆ ಎದ್ದು ಕೈ ತೊಳೆಯುತ್ತಾನೆ. ನಿದ್ದೆ ಬಿಟ್ಟಿದ್ದೇನೆ. ಇರಲೋ, ಹೊರಡಲೋ?
ಇವತ್ತು ಭೀಮನ ಅಮಾವಾಸ್ಯೆ, ಗಂಡನ ಪಾದಪೂಜೆ. "ಮಾಡು ಅಂತ ನಾನು ಹೇಳಲ್ಲಮ್ಮ. ನಿನ್ನಿಷ್ಟ" ಎಂದರು ಅತ್ತೆ. ಆದರೂ ಜೋಡಿಸಿದೆ. ಅರಿಶಿನ, ಕುಂಕುಮ, ಚೊಂಬಿನ ತುಂಬ ನೀರು. ಸ್ನಾನ ಮಾಡಿ ಬಂದು ಮಣೆ ಮೇಲೆ ಕೂತಿದ್ದಾನೆ. ಬಾಯಿ ಬಿಡುವುದಿಲ್ಲ, ಕಾಲು ಮಾತ್ರ ತಯಾರು!
"ಸಿಂಚು, ಬೇಗ ಬಾ. ಆಫೀಸ್‌ಗೆ ಲೇಟಾಗುತ್ತೆ."
ಬಂದೆ. ಮೊದಲು ನನ್ನ ಮುಖ ನೋಡಿ ಉತ್ತರ ಹೇಳಲಿ. ಅಲ್ಲಿಯವರೆಗೆ ಆ ಕಾಲಿಗೆ ಒಂದು ತೊಟ್ಟು ನೀರೂ—