ನಮ್ಮ ಮಿಡತೆ

ಮಾರ್ಚ್ 4, ಸೋಮವಾರ

ಮದುವೆ ಹಾಲ್‌ನ ಅಡುಗೆಮನೆ. ಬೆಳಗ್ಗೆಯಿಂದ ಲೆಟಿಸ್ ಸೊಪ್ಪು. ಒಂದೊಂದೇ ಎಲೆ ಬಿಡಿಸು, ಅಡಿಯಲ್ಲಿ ದೀಪ ಉರಿಯುವ ಗಾಜಿನ ಹಲಗೆ ಮೇಲೆ ಹರಡು, ಕಣ್ಣು ಕಿರಿದು ಮಾಡು. ಹಸಿರು ಗಿಡಹೇನು ಕಂಡಿತು. ಇಡೀ ಕ್ರೇಟ್ ವಾಪಸ್. ನಮ್ಮ ಶಾಸ್ತ್ರದಂತೆ ಹರಿದಾಡುವ ಜೀವ ಯಹೂದಿಯ ತಟ್ಟೆಗೆ ಬೀಳಬಾರದು—ಅದಕ್ಕೇ ನನಗೆ ಸಂಬಳ.

ಎಲೆಗೊಂದು ಹೇನು, ಹುಡುಕುವವ ನಾನು.

ಅಡುಗೆಯ ಶಿಮೊನ್ ಮುಖ ಸಿಂಡರಿಸಿದ. “ಝಖಾರ್ಯ, ನೀನ್ ನೋಡಿದ್ರೆ ಸ್ವರ್ಗದ ತೋಟದಲ್ಲೂ ಹುಳ ಸಿಗುತ್ತೆ ಕಣೋ.”

ಮನೆಗೆ ಬಂದರೆ ಅಪ್ಪ ಟಿವಿ ಮುಂದೆ ನಿಂತೇ ಇದ್ದಾರೆ. ಈಜಿಪ್ಟಿನ ಮಿಡತೆ ಹಿಂಡು ಗಡಿ ದಾಟಿ ಇಸ್ರೇಲಿಗೆ, ನಮ್ಮ ನೆಗೆವ್ ಮರುಭೂಮಿಗೆ ಇಳಿದಿದೆಯಂತೆ. ಊರಿಗೆಲ್ಲ ಪಿಡುಗು. ಅಪ್ಪ ಕೇಳಿದ್ದು ಗೋಣಿಚೀಲ.

ಮಾರ್ಚ್ 5, ಮಂಗಳವಾರ

ಅಪ್ಪನ ವಾದ ಸರಳ. ಹುಳಗಳಲ್ಲೆಲ್ಲ ಶಾಸ್ತ್ರ ಬಿಟ್ಟುಕೊಟ್ಟಿದ್ದು ಕೆಲವು ಮಿಡತೆಗಳನ್ನು ಮಾತ್ರ. ಯಾವುದೆಂದು ಪುಸ್ತಕ ಓದಿ ತಿನ್ನುವಂತಿಲ್ಲ. ತಿಂದವರು ಕೈಗಿಟ್ಟು ತೋರಿಸಬೇಕು. ಯುರೋಪಿನಿಂದ ಬಂದವರಿಗೆ ತೋರಿಸುವವರೇ ಉಳಿಯಲಿಲ್ಲ, ಅವರು ಮುಟ್ಟುವುದಿಲ್ಲ. ನಾವು ಯೆಮೆನಿನವರು, ನಮ್ಮಲ್ಲಿ ಆ ಪಾಠ ಉಳಿದಿದೆ. ಆದರೆ ಮನೆಯಲ್ಲಿ ತಿಂದವರು ಅಪ್ಪ ಒಬ್ಬರೇ. ಹಿಂಡು ಬರುವುದೇ ಅಪರೂಪ; ಹೋದ ಸಲ ಬಂದಾಗ ಅವರು ಆಸ್ಪತ್ರೆಯಲ್ಲಿದ್ದರು.

“ನಾನ್ ಹೋದ್ರೆ ಮುಗೀತು ಮಗಾ. ಆಮೇಲೆ ನಿಮಗೂ ಅದು ಬರೀ ಹುಳ.”

ಅರ್ಧ ಉಂಡ ತಟ್ಟೆ ಸರಿಸಿ ಎದ್ದೆ. ಹೆಂಡತಿ ರೂಮಿಯಾ ಪಾತ್ರೆ ತೊಳೆಯುತ್ತಲೇ ಅಂದಳು: “ಇಷ್ಟ್ ವರ್ಷ ನೀವು ಹುಳ ಹುಡುಕಿದ್ರಿ. ಈಗ ಅದೇ ನಿಮ್ಮನ್ನ ಹುಡುಕ್ಕೊಂಡು ಬಂದಿದೆ.”

ಮಾರ್ಚ್ 7, ಗುರುವಾರ

ನಿನ್ನೆ ಅಪ್ಪನೂ ನಾನೂ ನೆಗೆವ್‌ಗೆ ಹೋಗಿ ಬರಿಗೈಲಿ ಬಂದೆವು—ಆ ಹೊಲಗಳಿಗೆಲ್ಲ ವಿಷ ಹೊಡೆದಾಗಿತ್ತು. ದಾರಿಯುದ್ದಕ್ಕೂ ಅಪ್ಪ ಖಾಲಿ ಚೀಲ ಮಡಿಸುತ್ತ ಬಿಚ್ಚುತ್ತ ಕೂತಿದ್ದರು. ಇವತ್ತು ನಾನೇ ರಜೆ ಹಾಕಿ ಮತ್ತೆ ಹೊರಡಿಸಿದೆ. ಯಾಕೋ ಗೊತ್ತಿಲ್ಲ.

ಸಿಕ್ಕಿತು. ವಿಷದ ವಿಮಾನ ಇನ್ನೂ ಬಾರದ ದಿಬ್ಬ. ಬೆಳಗಿನ ಚಳಿಗೆ ಮರಗಟ್ಟಿ ಪೊದೆ ತುಂಬ ಕೂತಿದ್ದವು. ಅಪ್ಪ ಹಣ್ಣು ಕಿತ್ತಂತೆ ಕಿತ್ತರು. ಒಂದನ್ನು ನನ್ನ ಅಂಗೈ ಮೇಲೆ ಮಗುಚಿ, ಅದರ ಎದೆಯ ಮೇಲಿನ ಹೀಬ್ರೂ ಅಕ್ಷರದಂಥ ಗುರುತಿಗೆ ಉಗುರು ಇಟ್ಟರು.

“ನೋಡ್ಕೋ. ಇದು ನಮ್ದು. ನಮ್ಮಪ್ಪ ನಂಗೆ ಹೀಗೇ ತೋರಿಸಿದ್ದು.”

ನೋಡಿಕೊಂಡೆ. ವೃತ್ತಿಯ ಕಣ್ಣು, ಒಂದೇ ಸಲಕ್ಕೆ ಸಾಕು. ವಾಪಸ್ ಬರುವಾಗ ಅಪ್ಪ ಹಾಡುತ್ತಿದ್ದರು. ರಾಗ ಸುಮಾರು, ದನಿ ಮಾತ್ರ ಜೋರು.

ಮಾರ್ಚ್ 8, ಶುಕ್ರವಾರ, ಸಂಜೆ 5

ಸೂರ್ಯ ಮುಳುಗಿದರೆ ಸಬ್ಬತ್ತಿನ ವಿಶ್ರಾಂತಿ ಶುರು, ಪೆನ್ನು ಮುಟ್ಟುವಂತಿಲ್ಲ. ಬೇಗ ಬೇಗ.

ರೂಮಿಯಾ ತಲೆ, ರೆಕ್ಕೆ, ಕಾಲು ತೆಗೆದು ಉಪ್ಪು ಹಾಕಿ ಹುರಿದಳು. ಘಮ ಚೆನ್ನಾಗಿತ್ತು... ಒಪ್ಪಿಕೊಳ್ಳಲು ಕಷ್ಟವಾಯಿತು. ಸೈನ್ಯದಿಂದ ರಜೆಗೆ ಬಂದ ಮಗಳು ಹದಾಸ ನೇರ ತಟ್ಟೆಗೇ ಕೈ ಹಾಕಿದಳು. ಅಪ್ಪ ತಡೆದರು.

“ನಿಂಗೆ ನಾನ್ ಕೊಡಲ್ಲಮ್ಮ. ನಿಮ್ಮಪ್ಪ ಕೊಡ್ಬೇಕು. ಮೊದ್ಲು ಅವನು ತಿನ್ಲಿ.”

ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಹದಾಸ ಅಂಗೈ ಚಾಚಿಯೇ ಇದ್ದಾಳೆ. ಪ್ರಾರ್ಥನೆ ಹೇಳಿದೆ. ಕಣ್ಣು ಮುಚ್ಚಿದೆ. ಕರುಂ.

ಸಾಯಲಿಲ್ಲ. ಇನ್ನೊಂದು ತಿಂದೆ. ಮತ್ತೊಂದಕ್ಕೆ ಕೈ ಹಾಕಿದಾಗ ಅಪ್ಪ ತಟ್ಟೆ ಎಳೆದುಕೊಂಡು, ಹುಡುಗಿಗೂ ಉಳಿಸೋ ಎಂದರು. ಚೀಲದಲ್ಲುಳಿದಿದ್ದ ಹಸಿಯದೊಂದನ್ನು ಅವಳ ಅಂಗೈ ಮೇಲೆ ಮಗುಚಿ ಗುರುತು ತೋರಿಸಿದೆ. ಆಮೇಲೆ ಹುರಿದದ್ದು ಕೊಟ್ಟೆ. ತಿಂದಳು. ಅಪ್ಪ ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕರು.

ಒಳಗೆ ರೂಮಿಯಾ ಸಬ್ಬತ್ತಿನ ದೀಪಕ್ಕೆ ಕಡ್ಡಿ ಗೀರುತ್ತಿದ್ದಾಳೆ. ರುಚಿ ಹೇಗಿತ್ತೆಂದು ಬರೆದಿಡಬೇಕು, ಇನ್ನೂ ನಾಲಿಗೆ ಮೇಲಿದೆ. ಹುರಿದ... ಅಲ್ಲ. ಸ್ವಲ್ಪ—