ಹಿಮ್ಮಡಿ ಊರದ ಎರಡು ತಿಂಗಳು

ಮನೆಯಿಂದ,
ಗುರುವಾರ, ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲ ಬಳಿ ನಿನ್ನ ಮಗಳ ಮನೆಚಪ್ಪಲಿಗಳು ಮಗುಚಿ ಬಿದ್ದಿದ್ದವು. ನೆಟ್ಟಗಿಡೋಣವೆಂದು ಎತ್ತಿಕೊಂಡೆ. ಎರಡರಲ್ಲೂ ಬೆರಳಿನ ಕಡೆ ತಳ ಸವೆದು ತೂತು ಬಿದ್ದಿದೆ. ಹಿಮ್ಮಡಿಯ ಕಡೆ ಮಾತ್ರ ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇದೆ, ಅಳತೆಯ ಅಂಕಿ ಕೂಡ ಅಳಿಸಿಲ್ಲ. ಅವನ್ನು ಹಿಡಿದುಕೊಂಡು ಹಾಲು ಉಕ್ಕುವವರೆಗೆ ನಿಂತೇ ಇದ್ದೆ. ಅದರ ವಿಷಯ ಆಮೇಲೆ. ಮೊದಲು ನಿನ್ನ ಯೋಗಕ್ಷೇಮ ಹೇಳು. ಭುಜದ ನೋವು ಹೇಗಿದೆ? ಎಂಜಿನ್ ಕೋಣೆಯ ಸೆಕೆಗೆ ಕೈಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಪಾಳಿ ಮುಗಿದ ಮೇಲಾದರೂ ಮಲಗುತ್ತೀಯೋ, ಆಗಲೂ ಏನಾದರೊಂದು ಪಟ್ಟಿ ಬರೆಯುತ್ತಾ ಕೂರುತ್ತೀಯೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಈ ಸಲ ಆ ವಾಕ್ಯವನ್ನು ಬಿಟ್ಟಿದ್ದೇನೆ. ಮುಂದಿನ ಬಂದರಿನಲ್ಲಿ ಈ ಕಾಗದ ನಿನ್ನ ಕೈಸೇರುವಾಗ ಹತ್ತು ದಿನವಾದರೂ ಆಗಿರುತ್ತದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ.

ಮೂರು ವಾರದ ಹಿಂದೆ ನೀನು ಕಳಿಸಿದ ವೇಳಾಪಟ್ಟಿ ಅಡುಗೆಮನೆಯ ಬೀರುವಿನ ಬಾಗಿಲ ಮೇಲಿದೆ. ಅದನ್ನು ಬರೆದವಳು ಹಡಗಿನ ಎಂಜಿನಿಯರ್ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಯಂತ್ರಕ್ಕೆ ಯಾವ ದಿನ ಎಣ್ಣೆ ಎಂಬಂತೆ ಮಗಳ ವಾರವನ್ನು ಅರ್ಧರ್ಧ ಗಂಟೆಯ ಚೌಕ ಮಾಡಿ, ಚೌಕಕ್ಕೊಂದು ಬಣ್ಣ ಬಳಿದಿದ್ದೀಯ. ಬೆಳಿಗ್ಗೆ ಐದೂವರೆಗೆ ಮೈ ಎಳೆದು ಬಗ್ಗಿಸುವುದು, ಹಳದಿ. ಬ್ಯಾಲೆ ಮೇಡಂ ತರಗತಿ ವಾರಕ್ಕೆ ನಾಲ್ಕು, ನೀಲಿ. ಶನಿವಾರ ಭಾನುವಾರ ಎರಡು ಬಸ್ಸು ಹತ್ತಿಳಿದು ಹೋಗಬೇಕಾದ ಆ ಇನ್ನೊಬ್ಬ ತರಬೇತುದಾರನ ತರಗತಿ, ಕೆಂಪು. ಇದೆಲ್ಲ ಹೊಸ ವರ್ಷದಿಂದ ನಡೆಯುತ್ತಲೇ ಇತ್ತು. ಈಗ ಹೊಸದಾಗಿ ದಿನಕ್ಕೆ ಇನ್ನೂರು ಸಲ ಹಗ್ಗದಾಟ, ಹಸಿರು. ವಿಶ್ರಾಂತಿ ಎಲ್ಲಿದೆಯೆಂದು ಹುಡುಕಿದೆ. ಭಾನುವಾರ ಸಂಜೆ ನಾಲ್ಕರಿಂದ ನಾಲ್ಕೂವರೆ. ಅದಕ್ಕೆ ಬಣ್ಣವಿಲ್ಲ, ಮುಗಿದುಹೋಗಿತ್ತೇನೋ. ಅಮ್ಮ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿ, "ಇದರಲ್ಲಿ ಊಟ ಯಾವ ಬಣ್ಣ?" ಅಂದಳು. ಮೂಗಿಗಿಂತ ಮೂಗುತಿ ಭಾರ ಅಂತ ಗೊಣಗಿಕೊಂಡು, ತನ್ನ ಹೊಲಿಗೆ ಅಂಗಡಿಯಿಂದ ತಂದಿದ್ದ ಪ್ಯಾಂಟುಗಳ ಅಂಚು ಮಡಚಲು ಕುಳಿತಳು. ನಿನ್ನ ಪಟ್ಟಿಯ ಪಕ್ಕದಲ್ಲೇ ಮೇಡಂ ಬರೆದುಕೊಟ್ಟಿದ್ದ ಚೀಟಿ ಇದೆ, ಹಳೆಯ ರಸೀದಿಯ ಬೆನ್ನಿನ ಮೇಲೆ. ವಾರಕ್ಕೆ ನಾಲ್ಕು ತರಗತಿ, ಒಂದು ದಿನ ಏನೂ ಇಲ್ಲ, ರಾತ್ರಿ ಹತ್ತು ಗಂಟೆ ನಿದ್ದೆ. ಇಷ್ಟೇ. ಯೋಜನೆ ಹಾಕುವವರು ಮೂವರು, ಕುಣಿಯುವವಳು ಒಬ್ಬಳು.

ಅವಳಿಗೇ ಇಷ್ಟವಿಲ್ಲ ಎಂದು ಹೇಳಹೊರಟಿದ್ದೇನೆ ಅಂದುಕೊಳ್ಳಬೇಡ. ಅವಳಿಗೆ ಬೇಕು, ನಿನಗಿಂತ ಹೆಚ್ಚು ಬೇಕು. ಆರು ವರ್ಷದವಳಿದ್ದಾಗ ಟೈರು ಅಂಗಡಿಯ ಮೇಲೆ ಮೇಡಂ ತರಗತಿಯ ಕಿಟಕಿಯಲ್ಲಿ ಸಾಲಾಗಿ ಏಳುತ್ತಿದ್ದ ಕೈಗಳನ್ನು ಕಂಡು ರಸ್ತೆಯಲ್ಲಿ ನಿಂತುಬಿಟ್ಟವಳು ಅವಳೇ. ಮಿಡತೆ ಅಂತ ನೀನಿಟ್ಟ ಅಡ್ಡಹೆಸರು ಆಮೇಲೆ ಬಂದದ್ದು. ಈಗ ಅವಳು ಸೇರಬೇಕೆಂದಿರುವ ಆ ದೊಡ್ಡ ನೃತ್ಯಶಾಲೆ ವರ್ಷಕ್ಕೆ ಹದಿನಾರು ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಒಳಗೆ ಹೋದರೆ ಅಲ್ಲೇ ವಾಸ, ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ನೃತ್ಯ. ಈ ವರ್ಷ ತಪ್ಪಿದರೆ ಆಮೇಲೆ ಯಾರಾದರೂ ಬಿಟ್ಟುಹೋದ ಜಾಗಕ್ಕೆ ಕಾಯಬೇಕು. ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿರುವುದು ಅವಳಿಗೆ. ಆಯ್ಕೆಯ ದಿನಕ್ಕೆ ಇನ್ನು ಎಷ್ಟು ದಿನ ಎಂದು ಅವಳು ಕನ್ನಡಿಯ ಮೂಲೆಯಲ್ಲಿ ಸೋಪಿನಲ್ಲಿ ಬರೆದಿದ್ದಾಳೆ. ಇವತ್ತಿನ ಅಂಕಿ ನಲವತ್ತೊಂದು.

ಈಗ ಚಪ್ಪಲಿಯ ವಿಷಯ. ಜನವರಿಯಲ್ಲಿ ನಾನು ಬರೆದ ಕಾಗದ ನಿನಗೆ ನೆನಪಿರಬೇಕು. ಮಿಡತೆ ಮನೆಯೊಳಗೆ ತುದಿಗಾಲಿನಲ್ಲೇ ಓಡಾಡುತ್ತಾಳೆ, ಹಲ್ಲುಜ್ಜಲು ಹೋಗುವುದೂ ಹಾಗೆಯೇ, ನೀರು ತರುವುದೂ ಹಾಗೆಯೇ ಎಂದು ಬರೆದಿದ್ದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಸಾಹಿತ್ಯ ಓದಿದವಳಲ್ಲವೇ, "ನಿನ್ನ ಮಗಳಿಗೆ ಈಗ ನೆಲ ಬೇಡವಾಗಿದೆ" ಎಂದು ಒಂದು ವಾಕ್ಯ ಸೇರಿಸಿದೆ. ಬರೆದ ಮೇಲೆ ಎರಡು ಸಲ ಓದಿಕೊಂಡು ಸಂತೋಷಪಟ್ಟೆ. ಅಮ್ಮ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಇದೇ ಕಥೆ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಅಜ್ಜಿಯರಿಗೆ ಅದಕ್ಕಿಂತ ಒಂದು ಕೈ ಮೇಲು. ನೀನು ಅದನ್ನೋದಿ, ಇದು ರಕ್ತದಲ್ಲೇ ಇದೆ, ಇಂಥ ಕಾಲಿಗೆ ಕೆಲಸ ಕೊಡಬೇಕು ಎಂದು ಉತ್ತರಿಸಿ, ಆ ಹಸಿರು ಚೌಕಗಳನ್ನು ಹಾಕಿ ಕಳಿಸಿದೆ. ಅಕ್ಕಾ, ಆ ಇನ್ನೂರು ನೆಗೆತ ನನ್ನ ಒಂದು ವಾಕ್ಯದಿಂದ ಬಂದದ್ದು. ಅಚ್ಚುಮನೆಯಲ್ಲಿ ದಿನವಿಡೀ ಕರಡು ತಿದ್ದುವವಳು ನಾನು, ಕಂಡವರ ತಪ್ಪು ಹುಡುಕುವುದೇ ಹೊಟ್ಟೆಪಾಡು. ಕಣ್ಣೆದುರಿಗಿದ್ದದ್ದನ್ನು ಎರಡು ತಿಂಗಳು ತಪ್ಪಾಗಿ ಓದಿದೆ.

ಬೆಳಿಗ್ಗೆ ಅವಳು ಎಂದಿನಂತೆ ತುದಿಗಾಲಿನಲ್ಲಿ ಅಡುಗೆಮನೆಗೆ ಬಂದಳು. ಹಿಮ್ಮಡಿ ಊರಿ ನಿಲ್ಲು ಅಂದೆ. "ಯಾಕೆ?" ಅಂದಳು. ಸುಮ್ಮನೆ ನಿಲ್ಲು ಅಂದೆ. ನಿಂತಳು. ಮುಖದಲ್ಲಿ ಏನೂ ತೋರಿಸಲಿಲ್ಲ, ಅದನ್ನೂ ಕಲಿತಿದ್ದಾಳೆ. ಆದರೆ ಮೇಜಿನ ಅಂಚು ಹಿಡಿದ ಬೆರಳುಗಳು ಬೆಳ್ಳಗಾದವು. ನೋಯುತ್ತಾ ಎಂದು ಕೇಳಿದೆ.

"ಬೆಳಿಗ್ಗೆ ಮಾತ್ರ. ಆಮೇಲೆ ಸಂಜೆ."

ಮಧ್ಯೆ?

"ಮಧ್ಯೆ ಶಾಲೇಲಿ ಕೂತಿರ್ತೀನಲ್ಲ ಚಿಕ್ಕಿ."

ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು ಬೀರುವಿನ ಕಡೆ ನೋಡಿದಳು. "ಅಮ್ಮ ಅಷ್ಟೊಂದು ಬಣ್ಣ ಹಾಕಿದಾಳೆ. ಮತ್ತೆ ಮೊದಲಿಂದ ಬರೀಬೇಕಾಗುತ್ತೆ. ಬರೀಬೇಡ ಅವಳಿಗೆ." ಬರೆಯುತ್ತೇನೆ ಎಂದು ಅವಳಿಗೆ ಹೇಳಿಯೇ ಬರೆಯುತ್ತಿದ್ದೇನೆ. ಒಂದು ಗಂಟೆ ಮಾತು ಬಿಟ್ಟಿದ್ದಳು. ಈಗ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಹಜಾರದಲ್ಲಿ ನಿದ್ದೆ ಹೋಗಿದ್ದಾಳೆ. ನಡು ಮಧ್ಯಾಹ್ನ, ಶಾಲೆಯ ಹೊತ್ತಿನಲ್ಲಿ. ಸಂಜೆಯ ನೀಲಿ ಚೌಕಕ್ಕೂ ಏಳಿಸುವುದಿಲ್ಲ.

ಅಚ್ಚುಮನೆಗೆ ರಜೆ ಹೇಳಿ ಒಂಬತ್ತೂವರೆಗೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಗಾಬರಿಯಾಗಬೇಡ, ಏನೂ ಮುರಿದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಎಳಸು, ಮೀನಖಂಡ ಅದನ್ನು ಎಳೆಯುತ್ತದೆ, ನೆಗೆದಷ್ಟೂ ಎಳೆಯುತ್ತದೆಯಂತೆ. "ನಿಲ್ಲಿಸಿದ್ರೆ ಹೋಗುತ್ತೆ, ನಿಲ್ಲಿಸದಿದ್ರೆ ಹೋಗಲ್ಲ. ಇದರಲ್ಲಿ ನಂದೇನೂ ಜಾಣತನ ಇಲ್ಲಮ್ಮ," ಅಂದರು. ಮೂರು ವಾರ ನೆಗೆತ ಪೂರ್ತಿ ಬಂದ್. ಆಮೇಲೆ ನೋವು ಇಲ್ಲದಿದ್ದರೆ ಮಾತ್ರ, ಸ್ವಲ್ಪ ಸ್ವಲ್ಪ. ವಾರಕ್ಕೆ ಎಷ್ಟು ತರಗತಿ ಎಂದು ಕೇಳಿದರು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆ ನೋಟವನ್ನು ನಿನಗೂ ಅರ್ಧ ಕಳಿಸಿಕೊಡುವ ಹಾಗಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೇರ ಮೇಡಂ ಹತ್ತಿರ ಹೋದೆವು. ಶನಿವಾರ ಭಾನುವಾರದ ತರಗತಿಯನ್ನು ಮೇಡಂಗೆ ಹೇಳಕೂಡದೆಂದು ನೀನು ಆಣೆ ಹಾಕಿದ್ದೆ. ಇವತ್ತು ಹೇಳಿಬಿಟ್ಟೆ. ಅವರು ಕಿರುಚಲಿಲ್ಲ. ಗೋಡೆಯ ಕಂಬಿಗೆ ಬೆನ್ನು ಕೊಟ್ಟು ನಿಂತರು. ನೆಗೆದು ಇಳಿಯುವಾಗ ಹಿಮ್ಮಡಿ ನೆಲಕ್ಕೆ ಮುಟ್ಟಿಸುತ್ತಿಲ್ಲ, ಸೋಮಾರಿತನ ಅಂತ ಅವರು ಮೂರು ವಾರದಿಂದ ಇವಳನ್ನೇ ಬೈಯುತ್ತಿದ್ದರಂತೆ. ಅದನ್ನು ನನಗಲ್ಲ, ಮಿಡತೆಗೆ ಹೇಳಿದರು, ಮಂಡಿಯೂರಿ ಕೂತು, ಅವಳ ಕಣ್ಣು ನೋಡಿ. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕು ವರ್ಷದಿಂದ ಆ ಬೆಂಚಿನ ಮೇಲೆ ಕೂತು ಪುಸ್ತಕ ಓದ್ತಿದೀರಿ. ಎಲ್ಲಾ ನೋಡ್ತೀರಿ ಅಂತ ನಂಗೊತ್ತು. ಒಂದು ಸಲನಾದ್ರೂ ಬಾಯಿ ಬಿಟ್ಟಿದೀರಾ?" ಅಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಲ್ಕು ವರ್ಷ ಅವರು ಕಟ್ಟಿದ್ದನ್ನು ನಾವು, ಪ್ರೀತಿಯಿಂದಲೇ, ಎರಡು ತಿಂಗಳಲ್ಲಿ ಕೆಡಿಸುತ್ತಿದ್ದೆವು. ನನಗೆ ಸಿಟ್ಟು ಬಂದಿದೆ ಅಕ್ಕಾ. ಯಾರ ಮೇಲೆ ಎಂದು ವಿಂಗಡಿಸಲು ಕೂತರೆ ಬಿಡಿಸಲಾಗದಂತೆ ಸಿಕ್ಕಾಗಿದೆ. ಅಲ್ಲೆಲ್ಲೋ ನೀರಿನ ಮೇಲೆ ಕೂತು ಬಣ್ಣದ ಪೆನ್ಸಿಲು ಹಿಡಿದ ನಿನ್ನ ಮೇಲೆ ಬಂದಿದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ದೂರದ ಮಗಳು ಗಟ್ಟಿಮುಟ್ಟು. ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ನನ್ನ ಮೇಲೆ ಅದಕ್ಕಿಂತ ಹೆಚ್ಚು. ನೀನು ಬೆರಳು ಮುರಿದುಕೊಂಡೂ ಹನ್ನೊಂದು ದಿನ ಪಾಳಿ ಮಾಡಿದೆ, ಆರು ತಿಂಗಳ ಮೇಲೆ ನಮಗೆ ಬರೆದೆ. ಆ ಕಥೆಯನ್ನು ಅಮ್ಮ ಈ ಹುಡುಗಿಗೆ ಅನ್ನ ಕಲಸುತ್ತಾ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ನಿಮ್ಮಮ್ಮ ಉಸಿರೆತ್ತಲಿಲ್ಲ ನೋಡು, ಎಂದು ಪ್ರತಿಸಲವೂ ಮುಗಿಸುತ್ತಾಳೆ. ಉಸಿರೆತ್ತಬಾರದೆಂದು ಮಿಡತೆ ಎಲ್ಲಿ ಕಲಿತಳೆಂದು ಇನ್ನು ನಾನು ಹುಡುಕಬೇಕಾಗಿಲ್ಲ. ನಿನ್ನ ಎಂಜಿನ್ ಬಿಸಿಯೇರಿದರೆ ಗಂಟೆ ಹೊಡೆದುಕೊಳ್ಳುತ್ತದೆ. ಇವಳು ಹೊಡೆದುಕೊಳ್ಳುವುದಿಲ್ಲ.

ಇನ್ನು ಉಳಿದದ್ದು ಅರ್ಜಿ. ಸೋಮವಾರದೊಳಗೆ ಅದು ನೃತ್ಯಶಾಲೆಗೆ ಮುಟ್ಟಬೇಕು. ಇಡೀ ಬೀದಿಗೆ ಅರ್ಜಿ ಬರೆದುಕೊಡುವವಳು ನಾನೇ ತಾನೇ, ನನ್ನ ಪದವಿಯಿಂದ ಆದ ಉಪಕಾರ ಅಷ್ಟೇ. ನೀನು ಹೇಳಿದಂತೆ ಎಲ್ಲ ತುಂಬಿ ಸಿದ್ಧವಾಗಿಟ್ಟಿದ್ದೆ. ಒಂಬತ್ತನೇ ಪ್ರಶ್ನೆ ಮಾತ್ರ ಖಾಲಿ ಇದೆ. ಕಳೆದ ಆರು ತಿಂಗಳಲ್ಲಿ ಮಗುವಿಗೆ ನೋವು ಅಥವಾ ಪೆಟ್ಟು ಏನಾದರೂ ಆಗಿದೆಯೇ ಎಂಬ ಪ್ರಶ್ನೆ. ಹೋದ ಭಾನುವಾರ ಫೋನಿನಲ್ಲಿ ನೀನು, "ಏನಿದ್ರೂ ಇಲ್ಲ ಅಂತ ಬರಿ. ನೋವು ಅಂದ್ರೆ ಯಾರು ಒಳಗೆ ಬಿಟ್ಕೋತಾರೆ? ಮೊದಲು ಬಾಗಿಲು ದಾಟಲಿ," ಅಂದೆ. ನಾನು ಹೂಂ ಅಂದೆ. ಅವತ್ತು ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ಅಲ್ಲಿಯ ವೈದ್ಯರು ಪಾದವನ್ನು ಎರಡೇ ಬೆರಳಲ್ಲಿ ಒತ್ತಿ ನೋಡಿ ಹೇಳಿಬಿಡುತ್ತಾರೆ, ಮುಚ್ಚಿಟ್ಟದ್ದು ಗೊತ್ತಾದರೆ ಅಲ್ಲಿಗೆ ಮುಗಿಯಿತು ಎಂದು ಮೇಡಂ ಹೇಳುತ್ತಾರೆ. ಬರೆದರೆ ಖಂಡಿತ ಕರೆಯುತ್ತಾರೆಯೇ ಎಂದು ಕೇಳಿದರೆ ಹೇಳಲಾಗದು ಅನ್ನುತ್ತಾರೆ. ನಲವತ್ತು ಮಕ್ಕಳನ್ನು ಒಂದು ಜಾಗಕ್ಕೆ ನೋಡುವವರು ನೋವೆಂದು ಬರೆದ ಅರ್ಜಿಯನ್ನು ಪಕ್ಕಕ್ಕಿಡಬಹುದು. ಅತ್ತ ದರಿ, ಇತ್ತ ಪುಲಿ. ನಡುವೆ ಹತ್ತು ವರ್ಷದ ಒಂದು ಹುಡುಗಿ, ತುದಿಗಾಲಿನಲ್ಲಿ.

ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಚಪ್ಪಲಿಗಳನ್ನು ಅವಳಿಗೂ ತೋರಿಸಿದೆ. ಎರಡರ ತೂತಿಗೂ ಒಳಗಿಂದ ತುಂಡು ಬಟ್ಟೆ ಕೊಟ್ಟು ಹೊಲಿದಳು. ಬೆರಳು ಮುರಿದ ಕಥೆಯನ್ನು ಇನ್ನು ಹೇಳಲಾರಳು ಅನ್ನಿಸುತ್ತದೆ. ಮಿಡತೆ ಎದ್ದ ಮೇಲೆ ನಿನಗೆ ಎರಡು ಸಾಲು ಬರೆಯುತ್ತಾಳಂತೆ, ಸಿಟ್ಟು ಇಳಿದಿದ್ದರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಎಲ್ಲಾದರೂ ನೋಯುತ್ತಿದ್ದರೆ ಆರು ತಿಂಗಳು ಕಾಯದೆ ಬರಿ.

ಇಂತು ನಿನ್ನ,
ತಂಗಿ

ಮರೆತ ಮಾತು: ಅಂಚೆ ಕಚೇರಿಯ ಕಟ್ಟೆಯ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದಾರೆ. ಶನಿವಾರ ಭಾನುವಾರದ ತರಬೇತುದಾರನಿಗೆ ಇನ್ನು ಬರುವುದಿಲ್ಲವೆಂದು ಹೇಳಿಯಾಯಿತು. ನಿನ್ನ ಪಟ್ಟಿಯನ್ನು ಬೀರುವಿನಿಂದ ತೆಗೆದು, ಬಣ್ಣ ಕೆಡದಂತೆ ಸುತ್ತಿಟ್ಟಿದ್ದೇನೆ. ಈಗ ಅಲ್ಲಿ ಮೇಡಂ ಚೀಟಿ ಒಂದೇ ಇದೆ. ಅರ್ಜಿಯನ್ನು ಈಗತಾನೇ ಕಳಿಸಿದೆ, ರಸೀದಿ ನನ್ನ ಹತ್ತಿರ ಇದೆ. ಒಂಬತ್ತನೇ ಪ್ರಶ್ನೆಗೆ ಹೀಗೆ ಬರೆದಿದ್ದೇನೆ: "ಹೌದು. ಎರಡೂ ಹಿಮ್ಮಡಿಗಳಲ್ಲಿ ನೋವು, ಎರಡು ತಿಂಗಳಿಂದ. ಮನೆಯವರು ಗಮನಿಸಲಿಲ್ಲ. ಇಂದಿನಿಂದ ವಿಶ್ರಾಂತಿಯಲ್ಲಿದ್ದಾಳೆ." ಇದಕ್ಕಿಂತ ಚೆಂದದ ವಾಕ್ಯ ನನಗೆ ಬರೆಯಲು ಬರುತ್ತಿತ್ತು, ಬರೆಯಲಿಲ್ಲ. ಹಡಗು ಹತ್ತುವಾಗ ನೀನೇ ಬರೆದುಕೊಟ್ಟಿದ್ದ ಅಧಿಕಾರ ಪತ್ರವನ್ನು ಜೊತೆಗಿಟ್ಟು, ಪೋಷಕರ ಜಾಗದಲ್ಲಿ ನಾನೇ ಸಹಿ ಹಾಕಿದ್ದೇನೆ.